ವರದಿಗಳೆಲ್ಲ ಸರಿಯಿವೆ, ತುರಿಕೆ ಮಾತ್ರ ನಿಂತಿಲ್ಲ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶಾಂತಾಬಾಯಿಗೆ 48 ವರ್ಷ. ಆಳಂದ ತಾಲ್ಲೂಕಿನ ಒಕ್ಕಲುತನದ ಮನೆ, ತೊಗರಿಯ ಹೊಲ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿ ಕಲಬುರಗಿಯಲ್ಲಿ ಕಿಮೊಥೆರಪಿ ನಡೆಯುತ್ತಿತ್ತು. ಮೊದಲ ಹಂತ ಮುಗಿದು, ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೊ ಔಷಧ ಶುರುವಾದ ಕೆಲವು ವಾರಗಳಿಗೆ ತುರಿಕೆ ಕಾಣಿಸಿಕೊಂಡಿತು. ಗುಳ್ಳೆ ಇಲ್ಲ, ಗಂಧೆ ಇಲ್ಲ, ಚರ್ಮ ಕೆಂಪಾಗಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಬೆನ್ನು, ಮುಂಗೈ, ಮೊಣಕಾಲಿನ ಕೆಳಗೆ ನವೆ ಎದ್ದು ನಿದ್ರೆಯೇ ಇಲ್ಲದಂತಾಗುತ್ತಿತ್ತು.

ವೈದ್ಯರು ಉದಾಸೀನ ಮಾಡಲಿಲ್ಲ. ಲಿವರ್, ಕಿಡ್ನಿ, ಥೈರಾಯ್ಡ್, ರಕ್ತಕಣ ಎಲ್ಲವನ್ನೂ ಪರೀಕ್ಷಿಸಿದರು. ಕಜ್ಜಿ ಇರಬಹುದೇ ಎಂದು ಚರ್ಮವೈದ್ಯರೂ ನೋಡಿದರು. ಏನೂ ಸಿಗಲಿಲ್ಲ. ‘ಔಷಧದಿಂದ ಬಂದಿರಬಹುದು, ಖಚಿತವಾಗಿ ಹೇಳಲಾಗದು, ಕಾದು ನೋಡೋಣ’ ಎಂದರು. ಇದು ಪ್ರಾಮಾಣಿಕ ಮಾತು. ಆದರೆ ರೋಗಿಯ ಮನೆಯಲ್ಲಿ ‘ಖಚಿತವಾಗಿ ಹೇಳಲಾಗದು’ ಎಂಬುದು ಖಾಲಿ ಉಳಿಯುವುದಿಲ್ಲ. ಆ ಜಾಗವನ್ನು ಒಬ್ಬೊಬ್ಬರು ಒಂದೊಂದು ಕಾರಣದಿಂದ ತುಂಬಿಬಿಡುತ್ತಾರೆ.

ಅತ್ತೆ ಇದನ್ನು ನಂಜು ಎಂದರು. ಬದನೆಕಾಯಿ ನಿಂತಿತು, ಮೊಟ್ಟೆ ನಿಂತಿತು, ಶೇಂಗಾ ಹಿಂಡಿ ನಿಂತಿತು, ಕಡೆಗೆ ತೊಗರಿ ಬೇಳೆಯೂ ನಿಂತಿತು. ತೊಗರಿ ಬೆಳೆಯುವ ಮನೆಯಲ್ಲಿ ಸೊಸೆಯ ತಟ್ಟೆಗೆ ರೊಟ್ಟಿ, ತಿಳಿಮಜ್ಜಿಗೆ ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. ಗಂಡನಿಗೆ ಆಸ್ಪತ್ರೆಯ ಔಷಧದ ಮೇಲೆಯೇ ಅನುಮಾನ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗೋಣ ಎನ್ನುತ್ತಿದ್ದರು. ಅಷ್ಟರಲ್ಲಿ ಮೆಡಿಕಲ್ ಅಂಗಡಿಯಿಂದ ಒಂದು ಮುಲಾಮು ತಂದು ಹಚ್ಚಿಸುತ್ತಿದ್ದರು.

ಶಾಂತಾಬಾಯಿ ತಮ್ಮ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆ, ಗಂಡ ಹೊರಗೆ ಹೋದ ಮೇಲೆ ಆಪ್ತಸಮಾಲೋಚಕಿಯಾದ ನನ್ನೊಡನೆ ಹೇಳಿದರು: ‘ಅಕ್ಕಾ, ರೋಗ ಚರ್ಮಕ್ಕೆ ಇಳಿದಿದೆ. ಡಾಕ್ಟರಿಗೆ ಗೊತ್ತಿದೆ, ನನಗೆ ಹೇಳುತ್ತಿಲ್ಲ.’

ಮುಂಗೈ ಮೇಲೆ ಉಗುರು ಗೀರಿದ ಉದ್ದುದ್ದ ಗೆರೆಗಳಿದ್ದವು, ಎರಡು ಕಡೆ ರಕ್ತ ಹೆಪ್ಪುಗಟ್ಟಿತ್ತು. ನಾನು ಮೊದಲು ಮಾತಾಡಿದ್ದು ಆ ಗೆರೆಗಳ ಬಗ್ಗೆಯೇ. ಈ ತುರಿಕೆ ನಿಜವಾದದ್ದು, ನಿಮ್ಮ ಕಲ್ಪನೆಯಲ್ಲ ಎಂದೆ. ‘ವರದಿ ಸರಿಯಿದೆ’ ಎಂಬ ಮಾತು ಅವರ ಕಿವಿಗೆ ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂದು ಕೇಳಿಸಿತ್ತು. ಆ ಗಾಯ ಮಾಯದೆ ಯಾವ ಸಲಹೆಯೂ ಒಳಗೆ ಇಳಿಯುವುದಿಲ್ಲ. ರಾತ್ರಿ ಚರ್ಮದ ಬಿಸಿ ಏರುತ್ತದೆ, ಮನಸ್ಸನ್ನು ಬೇರೆಡೆ ಹೊರಳಿಸುವ ಕೆಲಸವೂ ಇರುವುದಿಲ್ಲ. ಆದ್ದರಿಂದ ನವೆ ಜೋರಾಗುತ್ತದೆ. ಭಯವಿದ್ದರೆ ಇನ್ನೂ ಹೆಚ್ಚು. ಕೆರೆದಷ್ಟೂ ಮತ್ತೆ ಕೆರೆಯಬೇಕೆನಿಸುತ್ತದೆ. ಇದನ್ನು ನಿಧಾನವಾಗಿ ವಿವರಿಸಿದೆ.

ಅವರ ಒಳಗಿನ ಭಯವನ್ನು ನಾನು ಅಲ್ಲಗಳೆಯಲಿಲ್ಲ, ಆ ಅಧಿಕಾರ ನನಗಿಲ್ಲ. ಅದನ್ನು ವೈದ್ಯರ ಮುಂದೆ ಇಡಬಹುದಾದ ಪ್ರಶ್ನೆಗಳಾಗಿ ಬರೆದುಕೊಂಡೆವು: ‘ಇದು ಕ್ಯಾನ್ಸರ್ ಹರಡಿದ ಲಕ್ಷಣವೇ? ಅಲ್ಲವೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಮತ್ತೆ ಯಾವಾಗ ಪರೀಕ್ಷೆ ಮಾಡುತ್ತೀರಿ?’ ಮುಂದಿನ ವಾರ ಆ ಚೀಟಿಯನ್ನು ಅವರೇ ಕೈಯಾರೆ ಕೊಟ್ಟರು. ವೈದ್ಯರು ಕುಳಿತು ಉತ್ತರಿಸಿದರು.

ಅತ್ತೆಯ ನಂಬಿಕೆಯೊಡನೆ ವಾದಕ್ಕಿಳಿಯುವುದು ವ್ಯರ್ಥ. ‘ಯವ್ವಾ, ಬದನೆಕಾಯಿ ಬೇಡವೆಂದರೆ ಬೇಡ, ಬಿಡಿ. ಆದರೆ ಬೇಳೆ, ಮೊಟ್ಟೆ ಇಲ್ಲದಿದ್ದರೆ ಸೊಸೆಯ ಮೈಯಲ್ಲಿ ಔಷಧ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?’ ಎಂದು ಕೇಳಿದೆ. ತೂಕ ಇಳಿದಿದ್ದನ್ನು ಆಸ್ಪತ್ರೆಯ ಕಾರ್ಡಿನಲ್ಲಿ ತೋರಿಸಿದೆ. ಬೇಳೆ ಮರಳಿ ಬಂತು. ಮೊಟ್ಟೆಗೆ ಇನ್ನಷ್ಟು ಕಾಲ ಹಿಡಿಯಿತು. ಮುಲಾಮಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಆ ಟ್ಯೂಬನ್ನೂ, ಮನೆಯಲ್ಲಿ ಕುಡಿಸುವ ಯಾವುದೇ ಕಷಾಯವನ್ನೂ ವೈದ್ಯರಿಗೆ ತೋರಿಸದೆ ಬಳಸಬಾರದು. ಕಷಾಯದಿಂದ ಲಿವರ್‌ಗೆ ತೊಂದರೆಯಾದರೆ ಅದರಿಂದಲೇ ತುರಿಕೆ ಬರಬಹುದು, ಆಗ ಗೊಂದಲ ಇಮ್ಮಡಿಯಾಗುತ್ತದೆ.

ಹೆಚ್ಚು ಫಲ ಕೊಟ್ಟಿದ್ದು ಒಂದು ನೋಟುಪುಸ್ತಕ. ಕಾಲೇಜಿಗೆ ಹೋಗುವ ಮಗಳು ದಿನವೂ ಬರೆದಳು: ತುರಿಕೆ ಎಷ್ಟು ಹೊತ್ತಿಗೆ, ಹತ್ತಕ್ಕೆ ಎಷ್ಟು, ಏನು ಮಾಡಿದಾಗ ತಗ್ಗಿತು, ಎಷ್ಟು ನಿದ್ರೆ. ಮೂರನೆಯ ವಾರ ಒಂದು ಸಂಗತಿ ಎದ್ದು ಕಂಡಿತು. ಸಲೈನಿನಲ್ಲಿ ಕಿಮೊ ಹಾಕಿಸಿಕೊಂಡ ದಿನದ ರಾತ್ರಿ ತುರಿಕೆ ಕಡಿಮೆ, ಆದರೂ ನಿದ್ರೆ ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮುನ್ನ ಅಲರ್ಜಿ ಆಗದಂತೆ ಸ್ಟಿರಾಯ್ಡ್ ಮತ್ತು ಅಲರ್ಜಿ ತಡೆಯುವ ಔಷಧ ಕೊಡುತ್ತಾರೆ. ಅವುಗಳಿಂದ ನವೆ ತಗ್ಗಿರಬಹುದು, ಸ್ಟಿರಾಯ್ಡ್‌ನಿಂದಲೇ ಆ ರಾತ್ರಿಯ ನಿದ್ರೆ ಕೆಟ್ಟಿರಬಹುದು ಎಂದು ವೈದ್ಯರು ತಿಳಿಸಿ, ಉಳಿದ ರಾತ್ರಿಗಳಿಗೆ ಒಂದು ಮಾತ್ರೆ ಬರೆದುಕೊಟ್ಟರು. ಮೂಲ ಕಾರಣ ಇದರಿಂದಲೂ ತಿಳಿಯಲಿಲ್ಲ. ಆದರೆ ‘ನಿದ್ರೆ ಇಲ್ಲವೆಂದರೆ ರೋಗ ಏರುತ್ತಿದೆ’ ಎಂಬ ಶಾಂತಾಬಾಯಿಯ ಲೆಕ್ಕ ತಪ್ಪೆಂಬುದು ಅವರದೇ ಪುಸ್ತಕದಲ್ಲಿ ಕಂಡಿತು.

ಉಳಿದವು ಸಣ್ಣ ಸಂಗತಿಗಳು. ಉಗುರು ಕತ್ತರಿಸಿಡುವುದು ಮುಖ್ಯ, ಏಕೆಂದರೆ ಕಿಮೊ ವೇಳೆ ಬಿಳಿ ರಕ್ತಕಣ ಕುಸಿದಿದ್ದರೆ ಸಣ್ಣ ಗಾಯದಿಂದಲೂ ಸೋಂಕು ಆಗಬಹುದು. ಸುಡುನೀರಿನ ಸ್ನಾನ ಬೇಡ, ಉಗುರುಬೆಚ್ಚಗಿನ ನೀರು ಸಾಕು. ಮೈ ಒರೆಸಿದೊಡನೆ ಕೊಬ್ಬರಿ ಎಣ್ಣೆ ಹಚ್ಚಬೇಕು. ನವೆ ಎದ್ದಾಗ ಕೆರೆಯುವ ಬದಲು ಒದ್ದೆ ಬಟ್ಟೆ ಒತ್ತಬೇಕು. ಮನಸ್ಸು ತಡೆಯದ ರಾತ್ರಿ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ.

ಕಾಯುವುದಕ್ಕೂ ಒಂದು ಗಡಿ ಬೇಕು. ನೋಟುಪುಸ್ತಕದ ಹಿಂಬದಿಗೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿದೆ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮುಖ ಅಥವಾ ತುಟಿ ಊದಿದರೆ, ಉಸಿರು ಕಟ್ಟಿದರೆ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ. ಆ ಹೊತ್ತಿನಲ್ಲಿ ಯಾವ ಗಾಡಿ, ಯಾರಿಗೆ ಫೋನು ಎಂಬುದನ್ನು ಗಂಡ ಅದರ ಕೆಳಗೆ ಬರೆದರು. ಆಸ್ಪತ್ರೆ ಬದಲಿಸುವ ಮಾತು ಆಮೇಲೆ ತಾನಾಗಿ ಕಡಿಮೆಯಾಯಿತು. ಅವರಿಗೆ ಮಾಡಲು ಏನಾದರೂ ಕೆಲಸ ಬೇಕಿತ್ತು ಎಂದೇ ನನಗೆ ಅನಿಸುತ್ತದೆ.

ಹನ್ನೆರಡೂ ಡೋಸ್ ಮುಗಿದಿವೆ. ತುರಿಕೆ ತಗ್ಗಿದೆ, ಪೂರ್ತಿ ಹೋಗಿಲ್ಲ. ಕಾರಣ ಈಗಲೂ ತಿಳಿದಿಲ್ಲ. ಮುಂದಿನ ತಪಾಸಣೆಯಲ್ಲಿ ಲಿವರ್ ಪರೀಕ್ಷೆ ಮತ್ತೊಮ್ಮೆ ಆಗಲಿದೆ. ಅದರ ದಿನಾಂಕವನ್ನು ಶಾಂತಾಬಾಯಿಯೇ ಕೇಳಿ ಬರೆಸಿಕೊಂಡಿದ್ದಾರೆ.