ಗಣಿಯ ಹಣ ಯಾರ ಪಾಲು?

ಪ್ರಶ್ನೆ: 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೆ ನಮ್ಮ ಚಿಕ್ಕನಾಯಕನಹಳ್ಳಿ ಭಾಗದ ಗುಡ್ಡಗಳಿಂದ ಕಬ್ಬಿಣದ ಅದಿರು ಎಗ್ಗಿಲ್ಲದೆ ಸಾಗಿತು. ಗಣಿಯಿಂದ ಬರುವ ರಾಜಧನವನ್ನು (ಅದಿರು ತೆಗೆದವರು ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯನ್ನು) ಸರ್ಕಾರ ಖರ್ಚು ಮಾಡುವ ಬದಲು ಮನೆಮನೆಗೆ ಹಂಚುವುದು ನ್ಯಾಯವಲ್ಲವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಹಂಚುವ ಮೊದಲು ಇದು ಎಂಥ ಹಣವೆಂದು ತಿಳಿಯಬೇಕು. ತೆಂಗಿನಕಾಯಿ ಮಾರಿದರೆ ಮರ ಮತ್ತೆ ಫಸಲು ಕೊಡುತ್ತದೆ. ಅದಿರು ಮಾರುವುದೆಂದರೆ ತೋಟವನ್ನೇ ಮಾರಿದಂತೆ. ಹೀಗಿರುವಾಗ ರಾಜಧನವನ್ನು ಆಯಾ ವರ್ಷದ ವರಮಾನವೆಂದು ಬಜೆಟ್ಟಿನಲ್ಲಿ ಕರಗಿಸುವುದು ಮುಂದೆ ಹುಟ್ಟುವವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಕೋಲಾರ ಜಿಲ್ಲೆಯನ್ನೇ ನೋಡಿ. ಕೆ.ಜಿ.ಎಫ್. ಗಣಿಗಳಿಂದ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂದಿತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಮತ್ತು ಕೂಲಿಗಾಗಿ ಬೆಂಗಳೂರಿನ ರೈಲು ಹಿಡಿಯಬೇಕಾದ ಜನ. ಅಷ್ಟು ಚಿನ್ನದಿಂದ ಊರಿನ ಹೆಸರಿಗೆ ಒಂದು ಇಡುಗಂಟೂ ಉಳಿಯಲಿಲ್ಲ.

ನಾರ್ವೆ ದೇಶ ಬೇರೆ ದಾರಿ ಹಿಡಿಯಿತು. ಅಲ್ಲಿ 1969ರಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. 1990ರಲ್ಲಿ ನಿಧಿಯೊಂದಕ್ಕೆ ಕಾನೂನು ಮಾಡಿ, 1996ರಿಂದ ಹಣ ತುಂಬತೊಡಗಿದರು. ಆ ಹಣವನ್ನು ಹೊರದೇಶಗಳಲ್ಲಿ ತೊಡಗಿಸಿ, ನಿಧಿಯಿಂದ ನಿರೀಕ್ಷಿಸಬಹುದಾದ ಗಳಿಕೆಯಷ್ಟನ್ನೇ, ಅಂದರೆ ಮೊದಲು ನಿಧಿಯ ಶೇ. 4 ಮತ್ತು 2017ರಿಂದ ಶೇ. 3ರಷ್ಟನ್ನು, ಬಜೆಟ್ಟಿಗೆ ಬಳಸುವ ನಿಯಮ ಅವರದು. ಇದರಿಂದ ಅಸಲು ಉಳಿಯುತ್ತದೆ, ತೈಲದ ಬೆಲೆ ಕುಸಿದ ವರ್ಷವೂ ಶಾಲೆ, ಆಸ್ಪತ್ರೆಗಳ ಖರ್ಚು ನಿಲ್ಲುವುದಿಲ್ಲ, ಹಣದ ಪ್ರವಾಹ ಒಮ್ಮೆಲೇ ಒಳನುಗ್ಗಿ ಬೆಲೆ ಏರಿಸಿ ಬೇರೆ ಉದ್ಯಮಗಳನ್ನು ಸೊರಗಿಸುವುದೂ ತಪ್ಪುತ್ತದೆ.

ನೀವು ಹೇಳುವ ನಗದು ಹಂಚಿಕೆ ಅಮೆರಿಕದ ಅಲಾಸ್ಕಾದಲ್ಲಿ 1982ರಿಂದ ನಡೆದಿದೆ. ಆದರೆ ಅಲ್ಲಿ ಖನಿಜ ರಾಜಧನದ ಕನಿಷ್ಠ ಶೇ. 25ರಷ್ಟನ್ನು ಶಾಶ್ವತ ನಿಧಿಗೆ ಸೇರಿಸಿ, ಅದರ ಗಳಿಕೆಯನ್ನು ಮಾತ್ರ ಹಂಚುತ್ತಾರೆ. ಈ ಬಗೆಯ ಹಂಚಿಕೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಮ್ಮಲ್ಲೂ 2014ರಲ್ಲಿ ಸುಪ್ರೀಂ ಕೋರ್ಟ್ ಗೋವಾದ ಅದಿರಿನ ಮಾರಾಟ ಬೆಲೆಯ ಶೇ. 10ರಷ್ಟನ್ನು ಶಾಶ್ವತ ನಿಧಿಗೆ ಕಟ್ಟಬೇಕೆಂದು ಆದೇಶಿಸಿತು. ಕರ್ನಾಟಕಕ್ಕೂ ಅಂಥದ್ದೊಂದು ಬೇಕು.

ಗಣಿಯ ಧೂಳು ಕುಡಿದ ಊರುಗಳ ಹಕ್ಕು ಇದಕ್ಕಿಂತ ಬೇರೆ, ಅದು ನಷ್ಟ ಪರಿಹಾರದ ಹಕ್ಕು. ಗಣಿ ಕಾನೂನಿನ 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಹಣವನ್ನು ಹೆಚ್ಚುವರಿಯಾಗಿ, ಗಣಿಯಿಂದ ನೊಂದ ಊರುಗಳಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಅದು ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲು ಸಲ್ಲಬೇಕಾದ ಹಣ. ಪ್ರತಿಷ್ಠಾನವು ಕಾಮಗಾರಿಗಳ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿರುವುದರಿಂದ, ನಿಮ್ಮ ಊರಿಗೆ ಬಂದದ್ದೆಷ್ಟು, ದೂರದ ಕಟ್ಟಡಗಳಿಗೆ ಹೋದದ್ದೆಷ್ಟು ಎಂದು ನೋಡಿ, ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯ ಮುಂದಿಡಿ.