ಬೂದಿ ಮಣ್ಣಿನ ಕಣಿವೆಗಳಲ್ಲಿ ನೀರು ಯಾಕೆ ನಿಲ್ಲುತ್ತದೆ?

ಜ್ವಾಲಾಮುಖಿ ಬೂದಿಯ ಮಣ್ಣು ಹಗುರ, ನೀರು ಸಲೀಸಾಗಿ ಇಳಿಯಬೇಕು. ಆದರೂ ಅಮೆರಿಕದ ವಾಯವ್ಯದ ಚಳಿ ಕಣಿವೆಗಳಲ್ಲಿ ಅದು ಯಾಕೆ ಜೌಗು ಎಂದು ಕೇಳಿದ್ದೀರಿ. ತೊಂದರೆ ಇರುವುದು ಬೂದಿಯ ಅಡಿಯಲ್ಲಿ.

ಹಿಮನದಿಗಳು ಅಲ್ಲಿನ ಕಣಿವೆಗಳನ್ನು ಕೊರೆದು, ಕಲ್ಲು, ಮರಳು, ಜೇಡಿ ಕಲಸಿದ ಪದರವನ್ನು ಬಿಟ್ಟುಹೋದವು. ಹಿಮದ ಭಾರಕ್ಕೆ ಅದು ಎಷ್ಟೋ ಕಡೆ ಗಟ್ಟಿಯಾಗಿ ಅದುಮಿಕೊಂಡಿದೆ. ಸುಮಾರು 7,700 ವರ್ಷಗಳ ಹಿಂದೆ ಓರೆಗಾನ್‌ನ ಮಜಾಮಾ ಪರ್ವತ (ಇವತ್ತು ಕ್ರೇಟರ್ ಲೇಕ್ ಇರುವ ಜಾಗ) ಸಿಡಿದಾಗ ಬೂದಿ ಬಂದು ಕೂತದ್ದು ಇಂಥ ಪದರದ ಮೇಲೆ. ನೀರು ಬೂದಿಯಲ್ಲಿ ಇಳಿದು, ಗಟ್ಟಿ ಪದರಕ್ಕೆ ತಾಗಿ ನಿಲ್ಲುತ್ತದೆ. ಸುತ್ತಲ ಗುಡ್ಡಗಳ ಹಿಮ ಕರಗಿದ ನೀರೂ ಅಲ್ಲಿಗೇ ಬರುತ್ತದೆ.

ನಮ್ಮ ಶಿರಸಿ ಕಡೆಯ ಅಡಿಕೆ ತೋಟಗಳೂ ಕಣಿವೆ ತಳದಲ್ಲೇ ಇವೆ ಅಲ್ವಾ, ಬಸಿಗಾಲುವೆ ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಆದರೆ ಇಲ್ಲಿನ ಬಿಸಿಗೆ ಸೊಪ್ಪು, ದರಕು ಬೇಗ ಮಣ್ಣಾಗುತ್ತದೆ. ಅಲ್ಲಿ ಚಳಿ, ಜೊತೆಗೆ ಗಾಳಿಯಾಡದ ಒದ್ದೆ. ಅರೆಕೊಳೆತ ಕಸ ಕಪ್ಪಗೆ ಕೂಡಿಕೊಳ್ಳುತ್ತದೆ. ಗುಂಡಿ ತೋಡಿದಾಗ ಕೆಳಗೆ ಬೂದು ಬಣ್ಣದ ಮಣ್ಣು, ನಡುವೆ ತುಕ್ಕಿನ ಕಲೆ ಕಂಡರೆ ನೀರು ನಿಲ್ಲುವ ಜಾಗ ಎಂದೇ ಲೆಕ್ಕ.

ರಂಜಕವನ್ನು ಗಿಡಕ್ಕೆ ಸಿಗದ ಹಾಗೆ ಕಟ್ಟಿಹಾಕುವುದರಲ್ಲಿ ಮಾತ್ರ ಬೂದಿ ಮಣ್ಣು ನಮ್ಮ ಜಂಬಿಟ್ಟಿಗೆ ಮಣ್ಣಿನ ಹಾಗೇ. ಹಾಕಿದ ಗೊಬ್ಬರದಲ್ಲಿ ಅರ್ಧಕ್ಕರ್ಧ ಸುಮ್ನೆ ಹೋಯಿತು ಅನಿಸುತ್ತದೆ.