ಧ್ರುವ ನಕ್ಷತ್ರ ಯಾವುದು?

ಸೋಮವಾರಪೇಟೆ ಸಮೀಪದ ತೋಟವೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಮಾಘದಲ್ಲಿ ನಡೆದ ನೆಂಟರ ಮದುವೆಯಲ್ಲಿ ಪುರೋಹಿತರು ನಡುಹಗಲಿನಲ್ಲೇ ವಧೂವರರಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸಿದರಂತೆ. ಅಂದು ರಾತ್ರಿ ಮೊಮ್ಮಗಳು ಧ್ರುವ ಯಾವುದೆಂದು ಕೇಳಿದಾಗ, ಇವರು ಕಾಫಿ ಕಣದಲ್ಲಿ ನಿಂತು ದಕ್ಷಿಣದ ಕಡೆ ಅತಿ ಪ್ರಖರವಾಗಿ ಹೊಳೆಯುತ್ತಿದ್ದ ನಕ್ಷತ್ರವನ್ನು ತೋರಿಸಿದ್ದಾರೆ. ಅದು ಧ್ರುವವಲ್ಲ ಎಂದು ಮಗ ಹೇಳಿದ್ದಾನೆ. ಯಾರು ಸರಿ, ಧ್ರುವ ನಿಜಕ್ಕೂ ಕದಲುವುದಿಲ್ಲವೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ತಮ್ಮ ಮಗನ ಮಾತೇ ಸರಿ. ತಾವು ತೋರಿಸಿದ್ದು ಲುಬ್ಧಕವಿರಬೇಕು. ರಾತ್ರಿಯ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ ಅದೇ. ಧ್ರುವಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರಗಳು ನಲವತ್ತಕ್ಕೂ ಹೆಚ್ಚಿವೆ. ಆದರೂ ತಮ್ಮ ತಪ್ಪು ಬಹಳ ಜನರದ್ದು. ಆಗಿನ್ನೂ ರಾಜ್ಯವಾಗಿರದ ಅಮೆರಿಕದ ಅಲಾಸ್ಕಾ ಪ್ರಾಂತ್ಯಕ್ಕಾಗಿ 13 ವರ್ಷದ ಬಾಲಕನೊಬ್ಬ ರೂಪಿಸಿ, 1927ರಲ್ಲಿ ಅಂಗೀಕಾರವಾದ ಬಾವುಟದಲ್ಲಿ ಸಪ್ತರ್ಷಿಗಳಿಗಿಂತ ಧ್ರುವವೇ ದೊಡ್ಡದು. ನಮ್ಮಲ್ಲಿಯೂ 1985ರಲ್ಲಿ ರಾಜ್‌ಕುಮಾರ್ ಅವರ ಚಿತ್ರವೊಂದಕ್ಕೆ 'ಧ್ರುವತಾರೆ' ಎಂದೇ ಹೆಸರಿಟ್ಟರು. ಅಗಲಿದ ಹಿರಿಯರನ್ನು ಇಂದಿಗೂ ಹಾಗೆಯೇ ಕರೆಯುತ್ತೇವೆ. ಇದೆಲ್ಲ ಅದರ ಸ್ಥಾನಕ್ಕೆ ಸಂದ ಗೌರವವೇ ಹೊರತು ಬೆಳಕಿಗಲ್ಲ. ಮಲತಾಯಿ ಸುರುಚಿ ತಂದೆಯ ತೊಡೆಯಿಂದ ದೂರವಿಟ್ಟ ಬಾಲಕ ತಪಸ್ಸು ಮಾಡಿ ಪಡೆದದ್ದೂ ಯಾರೂ ಕದಲಿಸಲಾಗದ ಒಂದು ಜಾಗವನ್ನೇ.

ಕದಲುವ ವಿಷಯಕ್ಕೆ ಬರೋಣ. ಭೂಮಿಯ ಅಕ್ಷ ಉತ್ತರಕ್ಕೆ ನೆಟ್ಟ ಬಿಂದುವಿನಿಂದ ಧ್ರುವ ಇಂದು ಸುಮಾರು 0.6 ಡಿಗ್ರಿ ದೂರದಲ್ಲಿದ್ದು, ದಿನಕ್ಕೊಂದು ಪುಟ್ಟ ಸುತ್ತು ಹಾಕುತ್ತದೆ. ಅದಕ್ಕಿಂತ ಮುಖ್ಯವಾಗಿ, ವೇಗ ತಗ್ಗಿದ ಬುಗುರಿಯ ತಲೆ ಓಲಾಡುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ತೂಗುವುದರಿಂದ, ಧ್ರುವದ ಪಟ್ಟ ಒಂದೇ ನಕ್ಷತ್ರಕ್ಕೆ ಶಾಶ್ವತವಲ್ಲ. ಕ್ರಿಸ್ತಪೂರ್ವ 2700ರ ಸುಮಾರಿಗೆ ಆ ಜಾಗದಲ್ಲಿದ್ದದ್ದು ಥುಬನ್ ಎಂಬ ಮಂಕು ನಕ್ಷತ್ರ. ಇನ್ನು ಸುಮಾರು 12,000 ವರ್ಷಗಳಾಚೆ ಅಭಿಜಿತ್ ನಕ್ಷತ್ರ ಆ ಜಾಗದ ಹತ್ತಿರಕ್ಕೆ ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಈಗಿನ ಧ್ರುವ ಆ ಬಿಂದುವಿನಿಂದ ಸುಮಾರು 12 ಡಿಗ್ರಿ ದೂರವಿತ್ತು. ಆದ್ದರಿಂದ ನಮ್ಮ ಪೂರ್ವಿಕರು ಮದುವೆಗಳಲ್ಲಿ ತೋರಿಸಿದ ಧ್ರುವ ಇದೇ ನಕ್ಷತ್ರವಾಗಿರಲಾರದು. ಈ ವಿಚಾರ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ಮೊಮ್ಮಗಳಿಗೆ ತೋರಿಸಲು ಏಪ್ರಿಲ್ ಒಳ್ಳೆಯ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಸುರಿದು ಆಕಾಶ ತೊಳೆದಂತಿರುವ ರಾತ್ರಿ, ಒಂಬತ್ತು ಗಂಟೆಯ ನಂತರ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಸಪ್ತರ್ಷಿ ಮಂಡಲ ಬೋರಲು ಹಾಕಿದ ಸೌಟಿನಂತೆ ಮೇಲೆ ಕಾಣುತ್ತದೆ. ಸೌಟಿನ ಹಿಡಿಯ ನಡುವೆ ವಸಿಷ್ಠ, ಅದಕ್ಕೆ ಅಂಟಿದಂತೆ ಅರುಂಧತಿ. ಹಿಡಿಯಿಲ್ಲದ ಬದಿಯಲ್ಲಿ ಮೇಲಿರುವುದು ಪುಲಹ, ಕೆಳಗಿರುವುದು ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದೇ ಅಂತರದ ಐದರಷ್ಟು ಕೆಳಗಿಳಿದರೆ ಒಂಟಿಯಾಗಿ ಸಿಗುವುದೇ ಧ್ರುವ. ಭೂಮಧ್ಯರೇಖೆಯ ಉತ್ತರದ ಯಾವ ಊರಿನಲ್ಲೇ ಆಗಲಿ, ದಿಗಂತದಿಂದ ಅದರ ಎತ್ತರ ಸರಿಸುಮಾರು ಆ ಊರಿನ ಅಕ್ಷಾಂಶದಷ್ಟಿರುತ್ತದೆ. ಕೊಡಗಿನಲ್ಲಿ ಅದು ಸುಮಾರು ಹನ್ನೆರಡೂವರೆ ಡಿಗ್ರಿ. ಅಂದರೆ ಚಾಚಿದ ಕೈಯ ಒಂದು ಮುಷ್ಟಿ, ಮೇಲೊಂದು ಬೆರಳು. ಅಷ್ಟು ತಗ್ಗಿನಲ್ಲಿರುವುದನ್ನು ಉತ್ತರದ ಗುಡ್ಡವೋ ಸಿಲ್ವರ್ ಮರಗಳ ಸಾಲೋ ಸುಲಭವಾಗಿ ಮರೆಮಾಡುತ್ತದೆ. ಕಣದಿಂದ ಕಾಣದಿದ್ದರೆ ಮಗುವನ್ನು ಕರೆದುಕೊಂಡು ತೋಟದ ಮೇಲಿನ ಬಯಲಿಗೆ ಹತ್ತಿ ನೋಡಿ.

— ಸಂಪಾದಕ